ಎಂಜಿನ್ ಕೈಕೊಟ್ಟಾಗ ಕಾಕ್‌ಪಿಟ್ ಬಾಗಿಲಿನ ಈಚೆ ನಡೆಯುವುದೇನು?

ಜೆಟ್ ವಿಮಾನದ ಎಂಜಿನ್‌ಗಳನ್ನು ನಿಯಂತ್ರಿಸುವವರು ಪೈಲಟ್‌ಗಳು. ಆದರೆ ಬಹುತೇಕ ಪ್ರಯಾಣಿಕ ವಿಮಾನಗಳಲ್ಲಿ ಆ ಎಂಜಿನ್‌ಗಳು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಕಾಕ್‌ಪಿಟ್ ಇರುವುದು ವಿಮಾನದ ಮೂತಿಯಲ್ಲಿ, ಎಂಜಿನ್ ಇರುವುದು ಎಷ್ಟೋ ಹಿಂದೆ, ರೆಕ್ಕೆಯ ಅಡಿಯಲ್ಲಿ. ಪೈಲಟ್‌ಗಳಿಗೆ ಸಿಗುವುದು ಅಂಕಿಗಳು ಮಾತ್ರ: ತಿರುಗುವ ವೇಗ, ಹೊರಬರುವ ಅನಿಲದ ಉಷ್ಣಾಂಶ, ಆಯಿಲ್ ಒತ್ತಡ, ಕಂಪನದ ಮಟ್ಟ. ಬೆಂಕಿಯ ಬಣ್ಣ, ಹೊಗೆ ಹೋಗುತ್ತಿರುವ ದಿಕ್ಕು, ಕಿತ್ತುಹೋದ ಕವಚ, ರೆಕ್ಕೆಯಿಂದ ಸೋರುತ್ತಿರುವ ಇಂಧನ ಇವೆಲ್ಲ ಕಾಣುವುದು ಕಿಟಕಿಯ ಪಕ್ಕ ಕುಳಿತ ಪ್ರಯಾಣಿಕನಿಗೆ ಮತ್ತು ಅವನ ಮೇಲಿಂದ ಬಗ್ಗಿ ನೋಡುವ ಗಗನಸಖಿಗೆ. ಈ ಎರಡು ಬಗೆಯ ತಿಳಿವಳಿಕೆಗಳ ನಡುವೆ ಬೀಗ ಬಿದ್ದ ಬಾಗಿಲೊಂದಿದೆ. ಎಂಜಿನ್ ತುರ್ತುಸ್ಥಿತಿಯಲ್ಲಿ ಗಗನಸಖಿ ಮಾಡುವ ಕೆಲಸ ಏನೆಂದು ತಿಳಿಯಬೇಕಾದರೆ ಮೊದಲು ಈ ಬಾಗಿಲನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಜಾರುಬಂಡೆ, ಲೈಫ್ ಜಾಕೆಟ್, ಕೂಗಿ ಹೇಳುವ ಆದೇಶಗಳೆಲ್ಲ ಆಮೇಲಿನ ಮಾತು.

ಬಾಗಿಲಿನ ಈಚೆ ಗೊತ್ತಿದ್ದದ್ದು ಆಚೆಗೆ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿಮಾನಯಾನ ಜಗತ್ತು ಇಂದಿಗೂ ಕೊಡುವ ಉದಾಹರಣೆ ಇಂಗ್ಲೆಂಡಿನ ಕೆಗ್‌ವರ್ತ್ ದುರಂತ. 1989ರ ಜನವರಿ 8ರ ಸಂಜೆ ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಬೆಲ್‌ಫಾಸ್ಟ್‌ಗೆ ಹೊರಟಿದ್ದ ಬ್ರಿಟಿಷ್ ಮಿಡ್‌ಲ್ಯಾಂಡ್ ಸಂಸ್ಥೆಯ ಬೋಯಿಂಗ್ 737-400 ವಿಮಾನ 28,000 ಅಡಿ ದಾಟಿ ಮೇಲೇರುತ್ತಿದ್ದಾಗ ಎಡ ಎಂಜಿನ್ನಿನ ಫ್ಯಾನಿನ ಒಂದು ಅಲಗು ಮುರಿಯಿತು. ವಿಮಾನ ಗಡಗಡ ನಡುಗಿತು, ಕಾಕ್‌ಪಿಟ್‌ಗೆ ಸುಟ್ಟ ವಾಸನೆ ಬಂತು. ಕೆಟ್ಟಿರುವುದು ಬಲ ಎಂಜಿನ್ ಎಂದು ಪೈಲಟ್‌ಗಳು ಭಾವಿಸಿದರು. ಹಾಗೆ ಭಾವಿಸಲು ಕಾರಣವೂ ಇತ್ತು. ಈ ವಿಮಾನದ ಕ್ಯಾಬಿನ್ನಿಗೆ ಗಾಳಿ ಬರುವುದು ಹೆಚ್ಚಾಗಿ ಬಲ ಎಂಜಿನ್ನಿನಿಂದ ಎಂಬ ತಿಳಿವಳಿಕೆ ಕ್ಯಾಪ್ಟನ್‌ಗಿತ್ತು. ಹಾಗಾದರೆ ಹೊಗೆಯೂ ಅಲ್ಲಿಂದಲೇ ಬಂದಿರಬೇಕಲ್ಲ? ಅವರು ಬಲ ಎಂಜಿನ್ನಿನ ವೇಗ ಇಳಿಸಿದರು. ಅದಕ್ಕೂ ಮುನ್ನ, ಎಂಜಿನ್‌ಗಳ ವೇಗವನ್ನು ತಾನಾಗಿ ಹೊಂದಿಸುವ ಆಟೋಥ್ರಾಟಲ್ ವ್ಯವಸ್ಥೆಯನ್ನು ಕಳಚಿದ್ದರಿಂದ ಹಾಳಾಗಿದ್ದ ಎಡ ಎಂಜಿನ್ನಿನ ಮೇಲಿನ ಒತ್ತಾಯ ತಗ್ಗಿತು, ನಡುಕವೂ ಕಡಿಮೆಯಾಯಿತು. ತಪ್ಪು ನಿರ್ಧಾರಕ್ಕೆ ಸರಿಯಾದ ಫಲಿತಾಂಶ ಸಿಕ್ಕಂತೆ ಕಂಡಿತು. ಆರೋಗ್ಯವಾಗಿದ್ದ ಬಲ ಎಂಜಿನ್ ಹೀಗೆ ಬಂದ್ ಆಯಿತು.

ಕ್ಯಾಬಿನ್ನಿನಲ್ಲಿ ಇದೇ ಹೊತ್ತಿಗೆ ಏನಾಗುತ್ತಿತ್ತು? ಎಡ ಎಂಜಿನ್ನಿನಿಂದ ಕಿಡಿಗಳು, ಜ್ವಾಲೆ ಹೊಮ್ಮುತ್ತಿದ್ದುದನ್ನು ಅನೇಕ ಪ್ರಯಾಣಿಕರು ನೋಡಿದ್ದರು. ಹಿಂಭಾಗದಲ್ಲಿದ್ದ ಮೂವರು ಗಗನಸಖಿಯರೂ ನೋಡಿದ್ದರು. ಕ್ಯಾಬಿನ್ ಮೇಲ್ವಿಚಾರಕರನ್ನು ಕ್ಯಾಪ್ಟನ್ ಕಾಕ್‌ಪಿಟ್‌ಗೆ ಕರೆದು, ಹಿಂದೆ ಹೊಗೆ ಬಂತೇ ಎಂದು ಕೇಳಿದರು. ಬಂತು ಎಂಬ ಉತ್ತರ ಸಿಕ್ಕಿತು. ಸ್ವಲ್ಪ ಹೊತ್ತಿನ ಬಳಿಕ ಮೇಲ್ವಿಚಾರಕರು ಮತ್ತೆ ಬಂದು ಪ್ರಯಾಣಿಕರು ಬಹಳ ಗಾಬರಿಯಾಗಿದ್ದಾರೆ ಎಂದರು. ಆಗ ಕ್ಯಾಪ್ಟನ್ ಧ್ವನಿವರ್ಧಕದಲ್ಲಿ, ಬಲ ಎಂಜಿನ್ನಿನಲ್ಲಿ ತೊಂದರೆಯಿತ್ತು, ಅದನ್ನು ನಿಲ್ಲಿಸಿದ್ದೇವೆ ಎಂದು ಹೇಳಿದರು. ಎಡಗಡೆ ಬೆಂಕಿ ಕಂಡಿದ್ದ ಪ್ರಯಾಣಿಕರಲ್ಲಿ ಕೆಲವರಿಗೆ ಇದು ವಿಚಿತ್ರವೆನಿಸಿತು. ಯಾರೂ ಬಾಯಿ ಬಿಡಲಿಲ್ಲ. ಪೈಲಟ್‌ಗೆ ಗೊತ್ತಿಲ್ಲದಿರುತ್ತದೆಯೇ ಎಂಬ ನಂಬಿಕೆ. ಗಗನಸಖಿಯರ ಕಿವಿಗೆ ‘ಬಲ’ ಎಂಬ ಪದ ಬಿದ್ದಂತೆಯೇ ಇಲ್ಲ.

ಎರಡು ಸಲ ಬಾಗಿಲು ತೆರೆಯಿತು, ಎರಡು ಸಲ ಮಾತುಕತೆಯಾಯಿತು. ‘ಹೊಗೆ ಬಂತೇ’ ಎಂಬ ಪ್ರಶ್ನೆಗೆ ‘ಬಂತು’ ಎಂಬುದು ನಿಜವಾದ ಉತ್ತರವೇ. ಆದರೆ ಯಾವ ಕಡೆ ಬೆಂಕಿ ಕಂಡಿತು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ತುರ್ತಾಗಿ ಇಳಿಯಲು ಹೊರಟಿದ್ದ ಈಸ್ಟ್ ಮಿಡ್‌ಲ್ಯಾಂಡ್ಸ್ ನಿಲ್ದಾಣ ಇನ್ನೇನು ಸಿಕ್ಕಿತು ಎನ್ನುವಾಗ, ಸುಮಾರು 900 ಅಡಿ ಎತ್ತರದಲ್ಲಿ ಎಡ ಎಂಜಿನ್ ಪೂರ್ತಿ ಸತ್ತಿತು. ವಿಮಾನ ಎಂ1 ಹೆದ್ದಾರಿಯ ದಿಣ್ಣೆಗೆ ಅಪ್ಪಳಿಸಿತು. ಒಳಗಿದ್ದ 126 ಜನರಲ್ಲಿ 47 ಮಂದಿ ಸತ್ತರು.

ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಎರಡು ಎಂಜಿನ್‌ಗಳ ವಿಮಾನದಲ್ಲಿ ಒಂದು ನಿಂತರೆ ವಿಮಾನ ಬೀಳುವುದಿಲ್ಲ. ಟೇಕ್ ಆಫ್ ಓಟದಲ್ಲಿ ನಿರ್ದಿಷ್ಟ ವೇಗವೊಂದನ್ನು ದಾಟಿದ ಮೇಲೆ ಒಂದು ಎಂಜಿನ್ ಸತ್ತರೂ ಉಳಿದದ್ದರ ಬಲದಿಂದ ಮೇಲೇರಲು ಸಾಧ್ಯವಾಗಲೇಬೇಕು. ಹಾಗೆ ತೋರಿಸದಿದ್ದರೆ ವಿಮಾನಕ್ಕೆ ಪ್ರಮಾಣಪತ್ರವೇ ಸಿಗುವುದಿಲ್ಲ. 1985ರಲ್ಲಿ ಬೋಯಿಂಗ್ 767ಕ್ಕೆ, ಇಳಿಯಬಲ್ಲ ನಿಲ್ದಾಣದಿಂದ ಒಂದೇ ಎಂಜಿನ್ನಿನಲ್ಲಿ 120 ನಿಮಿಷ ಹಾರುವ ದೂರದವರೆಗೆ ಸಾಗರದ ಮೇಲೆ ಹೋಗಲು ಅನುಮತಿ ಸಿಕ್ಕಿತು. ಏರ್‌ಬಸ್ ಎ350ಕ್ಕೆ ಈಗ 370 ನಿಮಿಷಗಳವರೆಗೆ ಅವಕಾಶವಿದೆ. ಎಂಜಿನ್ ಕೆಟ್ಟಿತು ಎಂಬುದಕ್ಕಿಂತ, ಕೆಟ್ಟದ್ದರ ಸುತ್ತ ಜನ ಏನು ಮಾಡಿದರು, ಏನು ಮಾಡಲಿಲ್ಲ ಎಂಬುದರ ಮೇಲೆ ಮುಂದಿನದು ನಿಂತಿರುತ್ತದೆ.

ಕ್ಯಾಬಿನ್ನಿನಿಂದ ನೋಡಿದರೆ ಎಂಜಿನ್ ತೊಂದರೆ ನಾನಾ ರೂಪದಲ್ಲಿ ಬರುತ್ತದೆ. ಅತ್ಯಂತ ಹೆದರಿಸುವುದು ಕಂಪ್ರೆಸರ್ ಸರ್ಜ್. ಎಂಜಿನ್ನಿನೊಳಗೆ ಹಿಂದಕ್ಕೆ ಒತ್ತಿಕೊಂಡು ಹೋಗಬೇಕಾದ ಗಾಳಿ ಒಂದು ಕ್ಷಣ ತಿರುಗಿ ಮುಂದಕ್ಕೆ ನುಗ್ಗುತ್ತದೆ. ಫಿರಂಗಿ ಹಾರಿಸಿದಂತೆ ಢಮಾರ್ ಎಂಬ ಸದ್ದು, ಒಂದರ ಹಿಂದೊಂದು. ಹಿಂದಿನಿಂದ, ಕೆಲವೊಮ್ಮೆ ಮುಂದಿನಿಂದಲೂ ಬೆಂಕಿಯ ನಾಲಿಗೆ. ರಾತ್ರಿಯಾದರೆ ಇಡೀ ಕ್ಯಾಬಿನ್ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ನೋಡಲು ಭಯಂಕರವಾದರೂ ಎಷ್ಟೋ ಸಲ ಪೈಲಟ್ ವೇಗ ತಗ್ಗಿಸಿದೊಡನೆ ನಿಂತುಬಿಡುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಉರಿ ಆರಿಹೋಗುವುದು, ಅಂದರೆ ಫ್ಲೇಮ್‌ಔಟ್. ಸದ್ದಿಲ್ಲ, ಕಿಡಿಯಿಲ್ಲ. ಎಂಜಿನ್ನಿನ ಗುಂಯ್‌ಗುಡುವಿಕೆ ಇಳಿಯುತ್ತದೆ, ವಿಮಾನ ತುಸು ಒಂದು ಪಕ್ಕಕ್ಕೆ ಎಳೆದಂತಾಗುತ್ತದೆ, ಅಷ್ಟೇ. ಪ್ರಯಾಣಿಕರಲ್ಲಿ ಅರ್ಧದಷ್ಟು ಜನಕ್ಕೆ ಗೊತ್ತೂ ಆಗದಿರಬಹುದು. ಹಕ್ಕಿ ಹೊಕ್ಕರೆ ಸುಟ್ಟ ಮಾಂಸದ ವಾಸನೆ ಬರಬಹುದು. ಆಯಿಲ್ ಸೋರಿದರೆ ಬೇರೆ ವಾಸನೆ. ಎಲ್ಲಕ್ಕಿಂತ ಗಂಭೀರವಾದದ್ದು ತಿರುಗುವ ಭಾಗವೊಂದು ಒಡೆದು ಕವಚ ಸೀಳಿಕೊಂಡು ಹೊರಬರುವುದು. ಆಗ ಆ ಚೂರುಗಳು ರೆಕ್ಕೆಯನ್ನೋ ಇಂಧನ ಟ್ಯಾಂಕನ್ನೋ ಕಿಟಕಿಯನ್ನೋ ಹೊಡೆಯಬಹುದು.

ಇವುಗಳಲ್ಲಿ ನಡೆದದ್ದು ಯಾವುದು ಎಂದು ನಿರ್ಧರಿಸುವುದು ಗಗನಸಖಿಯ ಕೆಲಸವಲ್ಲ. ಕಂಡದ್ದನ್ನು ಕಂಡಂತೆ ಹೇಳುವುದು ಅವಳ ಕೆಲಸ. ಈ ಅಂತರ ಸಣ್ಣದೆನಿಸಬಹುದು, ಆದರೆ ತರಬೇತಿಯ ದೊಡ್ಡ ಪಾಲು ಇದರ ಮೇಲೆಯೇ ನಿಂತಿದೆ. ‘ಎಂಜಿನ್ ಸ್ಫೋಟಗೊಂಡಿದೆ’ ಎಂದರೆ ಪೈಲಟ್‌ಗೆ ಏನೂ ತಿಳಿಯುವುದಿಲ್ಲ. ಸರ್ಜ್ ಆದಾಗಲೂ ಹಾಗೆಯೇ ಕೇಳಿಸುತ್ತದೆ. ಒಳ್ಳೆಯ ವರದಿ ಹೀಗಿರುತ್ತದೆ: “ಹಿಂದಿನ ಎಡ ಬಾಗಿಲಿನಿಂದ ಮಾತನಾಡುತ್ತಿದ್ದೇನೆ. ಎಡ ಎಂಜಿನ್ನಿನ ಹಿಂಭಾಗದಿಂದ ಜ್ವಾಲೆ ಬರುತ್ತಿದೆ, ಇನ್ನೂ ನಿಂತಿಲ್ಲ. ಕ್ಯಾಬಿನ್ನಿನಲ್ಲಿ ಹೊಗೆಯಿಲ್ಲ, ಸುಟ್ಟ ವಾಸನೆ ಇದೆ. ಯಾರಿಗೂ ಗಾಯವಾಗಿಲ್ಲ.” ಯಾರು, ಎಲ್ಲಿಂದ, ಯಾವ ಕಡೆ, ಏನು ಕಾಣುತ್ತಿದೆ, ಮುಂದುವರಿದಿದೆಯೇ. ಹತ್ತು ಸೆಕೆಂಡಿನ ಮಾತು.

‘ಯಾವ ಕಡೆ’ ಎಂಬುದು ಕೇಳಿದಷ್ಟು ಸುಲಭವಲ್ಲ. ಸಿಬ್ಬಂದಿಯ ಮಡಚುವ ಆಸನಗಳಲ್ಲಿ ಹಲವು ವಿಮಾನದ ಹಿಂಬದಿಗೆ ಮುಖ ಮಾಡಿರುತ್ತವೆ. ಮುಂದಿನ ಬಾಗಿಲಿನ ಪಕ್ಕ ಪ್ರಯಾಣಿಕರಿಗೆ ಎದುರಾಗಿ ಕುಳಿತ ಗಗನಸಖಿಯ ಎಡಗೈ ಇರುವುದು ವಿಮಾನದ ಬಲಕ್ಕೆ. ಢಮಾರ್ ಎಂಬ ಸದ್ದು ಎಡಗಿವಿಯ ಕಡೆಯಿಂದ ಕೇಳಿತು ಎಂದರೆ ಆದದ್ದು ಬಲ ಎಂಜಿನ್ನಿನಲ್ಲಿ. ಗಾಬರಿಯ ಗಳಿಗೆಯಲ್ಲಿ ಇದನ್ನು ತಲೆಯೊಳಗೆ ತಿರುವಿ ಹಾಕುತ್ತ ಕುಳಿತರೆ ಎಡವಟ್ಟು ಖಚಿತ. ಅದಕ್ಕೇ ವಿಮಾನದಲ್ಲಿ ಎಡಬಲವೆಂದರೆ ಯಾವಾಗಲೂ ಮೂತಿಯ ಕಡೆ ಮುಖ ಮಾಡಿ ಕುಳಿತವರ ಎಡಬಲ. ಎಂಜಿನ್‌ಗಳ ಎಣಿಕೆಯೂ ಎಡದಿಂದಲೇ: ಒಂದು, ಎರಡು. ಬಾಗಿಲುಗಳಿಗೂ ಎಡ ಒಂದು, ಬಲ ಒಂದು, ಎಡ ಎರಡು ಎಂದು ಗುರುತು. ತನ್ನ ಬಾಗಿಲಿನ ಹೆಸರು ಗಗನಸಖಿಗೆ ನಿದ್ದೆಯಲ್ಲೂ ಗೊತ್ತಿರುತ್ತದೆಯಾದ್ದರಿಂದ, ‘ನನ್ನ ಬಾಗಿಲಿನ ಕಡೆ’ ಎಂದು ಲೆಕ್ಕ ಹಾಕುವುದು ಸುರಕ್ಷಿತ ದಾರಿ.

ಇನ್ನು ಮೊದಲ ನಿಮಿಷದ ವಿಷಯ. ಟೇಕ್ ಆಫ್ ವೇಳೆ ಎಂಜಿನ್ ಕೈಕೊಟ್ಟರೆ ಗಗನಸಖಿ ಮೊದಲು ಮಾಡುವುದು ಏನು ಎಂದರೆ, ಕುಳಿತಲ್ಲೇ ಕುಳಿತಿರುವುದು. ಇದು ನಿಷ್ಕ್ರಿಯತೆಯಲ್ಲ. ಟೇಕ್ ಆಫ್ ಆದ ಮೊದಲ ಮೂರು ನಿಮಿಷ ಮತ್ತು ಇಳಿಯುವ ಮುನ್ನಿನ ಎಂಟು ನಿಮಿಷಗಳನ್ನು ವಿಮಾನಯಾನದವರು ಅತಿ ಸೂಕ್ಷ್ಮ ಹೊತ್ತು ಎಂದು ಪರಿಗಣಿಸುತ್ತಾರೆ. ಆ ಹೊತ್ತಿನಲ್ಲಿ ಪ್ರತಿ ಸಲ, ಏನೂ ಆಗದ ಸಾವಿರಾರು ಹಾರಾಟಗಳಲ್ಲೂ, ಸಿಬ್ಬಂದಿ ಮನಸ್ಸಿನಲ್ಲೇ ಒಂದು ಪಾಠ ಒಪ್ಪಿಸಿಕೊಳ್ಳುತ್ತಾರೆ. ನನ್ನ ಬಾಗಿಲು ಯಾವುದು? ಹಿಡಿಕೆ ಯಾವ ಕಡೆ ತಿರುಗುತ್ತದೆ? ಟಾರ್ಚ್ ಎಲ್ಲಿದೆ? ಕೂಗಬೇಕಾದ ಆದೇಶ ಯಾವುದು? ಸಹಾಯಕ್ಕೆ ಬರಬಲ್ಲ ಗಟ್ಟಿಮುಟ್ಟಾದ ಪ್ರಯಾಣಿಕ ಯಾವ ಸೀಟಿನಲ್ಲಿದ್ದಾನೆ? ಹೊರಗೆ ಬೆಳಕೋ ಕತ್ತಲೆಯೋ, ಕೆಳಗೆ ನೆಲವೋ ನೀರೋ? ಆಸನದಲ್ಲಿ ನೆಟ್ಟಗೆ ಕುಳಿತು ಶೂನ್ಯವನ್ನು ನೋಡುತ್ತಿರುವಂತೆ ಕಾಣುವ ಗಗನಸಖಿ ನಿಜವಾಗಿ ಮಾಡುತ್ತಿರುವುದು ಇದನ್ನೇ.

ಸದ್ದು ಕೇಳಿದ ತಕ್ಷಣ ಕಾಕ್‌ಪಿಟ್‌ಗೆ ಫೋನ್ ಮಾಡಬಹುದೇ? ಇಲ್ಲಿ ಎರಡು ನಿಯಮಗಳು ಒಂದಕ್ಕೊಂದು ತಾಕುತ್ತವೆ. ಅಮೆರಿಕದಲ್ಲಿ 1981ರಲ್ಲಿ ಜಾರಿಗೆ ಬಂದು ಬಳಿಕ ಜಗತ್ತಿನಾದ್ಯಂತ ಬೇರೂರಿದ ನಿಯಮವೊಂದಿದೆ: 10,000 ಅಡಿಗಿಂತ ಕೆಳಗೆ ಹಾರುವಾಗ ಪೈಲಟ್‌ಗಳ ಗಮನ ಸೆಳೆಯುವ ಅನಗತ್ಯ ಮಾತು, ಕೆಲಸ ಯಾವುದೂ ಕೂಡದು. ಒಳ್ಳೆಯ ನಿಯಮ. ಆದರೆ ಅದನ್ನು ಅತಿಯಾಗಿ ಪಾಲಿಸಿದ ಸಿಬ್ಬಂದಿ, ಹೇಳಲೇಬೇಕಾದದ್ದನ್ನೂ ನುಂಗಿಕೊಳ್ಳುವ ಅಪಾಯವಿದೆ. ಹೀಗಾಗಿ ಸುರಕ್ಷತೆಗೆ ಸಂಬಂಧಿಸಿದ ಮಾತಿಗೆ ಈ ನಿಯಮ ಅಡ್ಡಿಯಲ್ಲ ಎಂದು ಒತ್ತಿ ಹೇಳಿಕೊಡಲಾಗುತ್ತದೆ. ಅನುಮಾನವಿದ್ದರೆ ಕರೆ ಮಾಡು. ಪೈಲಟ್ ಎತ್ತದಿದ್ದರೆ ಅವರು ವಿಮಾನ ಹಾರಿಸುವುದರಲ್ಲಿ ಮುಳುಗಿದ್ದಾರೆ ಎಂದು ತಿಳಿದು ಮತ್ತೆ ಪ್ರಯತ್ನಿಸು.

ಪೈಲಟ್‌ಗಳು ಎತ್ತದಿರುವುದಕ್ಕೆ ಸಕಾರಣವಿರುತ್ತದೆ. ಅವರಿಗೆ ಕಲಿಸಿರುವ ಅನುಕ್ರಮ: ಮೊದಲು ವಿಮಾನ ಹಾರಿಸು, ಆಮೇಲೆ ದಿಕ್ಕು ನೋಡು, ಮಾತು ಕೊನೆಗೆ. ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸಿದರೂ ವಿಮಾನ ಸ್ಥಿರವಾಗಿ ಮೇಲೇರುವವರೆಗೆ ಅವರು ಅವಸರ ಮಾಡುವುದಿಲ್ಲ. ನಂತರ ಯಾವ ಎಂಜಿನ್ ಎಂಬುದನ್ನು ಇಬ್ಬರೂ ಸೇರಿ ಖಚಿತಪಡಿಸಿಕೊಂಡು ಅದರ ಬೆಂಕಿ ಸ್ವಿಚ್ ಬಳಸುತ್ತಾರೆ. ಅದರಿಂದ ಆ ಎಂಜಿನ್ನಿಗೆ ಹೋಗುವ ಇಂಧನ, ಹೈಡ್ರಾಲಿಕ್ ದ್ರವ ಎಲ್ಲ ಕಡಿತವಾಗುತ್ತವೆ. ನಂದಿಸುವ ರಾಸಾಯನಿಕ ತುಂಬಿದ ಸಿಲಿಂಡರುಗಳು ಸಿದ್ಧವಾಗುತ್ತವೆ. ಈ ಕೆಲವು ನಿಮಿಷಗಳ ಮೌನ ಕ್ಯಾಬಿನ್ನಿಗೆ ಒಂದು ಯುಗದಂತೆ ಅನಿಸುತ್ತದೆ. ಪ್ರಯಾಣಿಕರ ನೂರು ಕಣ್ಣುಗಳು ಆಗ ನೋಡುವುದು ಗಗನಸಖಿಯ ಮುಖವನ್ನು. ಅವಳಿಗೂ ಅವರಿಗಿಂತ ಹೆಚ್ಚೇನೂ ಗೊತ್ತಿರುವುದಿಲ್ಲ ಎಂಬುದೇ ಈ ಕೆಲಸದ ಅತ್ಯಂತ ಕಷ್ಟದ ಭಾಗವೆಂದು ನನಗೆ ಅನ್ನಿಸುತ್ತದೆ. ಸುಳ್ಳು ಧೈರ್ಯ ಹೇಳುವಂತಿಲ್ಲ, ಗೊತ್ತಿಲ್ಲದ್ದನ್ನು ಊಹಿಸಿ ಹೇಳುವಂತೆಯೂ ಇಲ್ಲ. ‘ಬೆಲ್ಟ್ ಬಿಗಿಯಾಗಿರಲಿ, ಪೈಲಟ್‌ಗಳು ನೋಡಿಕೊಳ್ಳುತ್ತಿದ್ದಾರೆ, ಸ್ವಲ್ಪ ಹೊತ್ತಿನಲ್ಲಿ ಮಾತನಾಡುತ್ತಾರೆ’ ಎನ್ನುವುದಕ್ಕಿಂತ ಮುಂದೆ ಹೋಗುವಂತಿಲ್ಲ.

ಆಮೇಲೆ ಕಾಕ್‌ಪಿಟ್‌ನಿಂದ ಕರೆ ಬರುತ್ತದೆ. ಹಿರಿಯ ಗಗನಸಖಿ ಇಂಟರ್‌ಫೋನ್ ಎತ್ತಿ ಅಥವಾ ಕಾಕ್‌ಪಿಟ್‌ಗೇ ಹೋಗಿ, ಪೆನ್ನು ಕಾಗದ ಹಿಡಿದು ನಿಲ್ಲುತ್ತಾಳೆ. ಅನೇಕ ವಿಮಾನಸಂಸ್ಥೆಗಳಲ್ಲಿ ಈ ಸಂಭಾಷಣೆಗೆ, ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಮಾಡಿದ, ನಿಟ್ಸ್ ಎಂಬ ಚೌಕಟ್ಟಿದೆ. ಅದರಲ್ಲಿ ನಾಲ್ಕೇ ಅಂಶಗಳು: ತೊಂದರೆಯ ಸ್ವರೂಪ, ಮುಂದೇನು ಮಾಡುತ್ತೇವೆ, ಎಷ್ಟು ಸಮಯವಿದೆ, ವಿಶೇಷ ಸೂಚನೆ ಏನು. ಉದಾಹರಣೆಗೆ ಕ್ಯಾಪ್ಟನ್ ಹೀಗೆ ಹೇಳಬಹುದು: “ಬಲ ಎಂಜಿನ್ ನಿಲ್ಲಿಸಿದ್ದೇವೆ. ಹೊರಟ ನಿಲ್ದಾಣಕ್ಕೇ ಮರಳುತ್ತಿದ್ದೇವೆ. 20 ನಿಮಿಷದಲ್ಲಿ ಇಳಿಯುತ್ತೇವೆ. ಸಾಮಾನ್ಯ ಲ್ಯಾಂಡಿಂಗ್ ನಿರೀಕ್ಷಿಸುತ್ತಿದ್ದೇವೆ; ಅಗ್ನಿಶಾಮಕ ವಾಹನಗಳು ರನ್‌ವೇ ಪಕ್ಕ ಇರುತ್ತವೆ, ಪ್ರಯಾಣಿಕರಿಗೆ ಮೊದಲೇ ತಿಳಿಸಿ.” ಅವಳು ಕೇಳಿದ್ದನ್ನು ಹಾಗೆಯೇ ಮರಳಿ ಒಪ್ಪಿಸುತ್ತಾಳೆ. ಕೈಗಡಿಯಾರ ನೋಡಿ ಸಮಯ ಬರೆದುಕೊಳ್ಳುತ್ತಾಳೆ. ಬಲ ಎಂದು ಕ್ಯಾಪ್ಟನ್ ಹೇಳಿ, ಅವಳು ಎಡಗಡೆ ಕಿಡಿ ಕಂಡಿದ್ದರೆ, ಬಾಯಿ ಬಿಡಬೇಕಾದ ಗಳಿಗೆ ಇದೇ. ಕೆಗ್‌ವರ್ತ್ ದುರಂತದ ನಂತರ ಪೈಲಟ್‌ಗಳನ್ನೂ ಕ್ಯಾಬಿನ್ ಸಿಬ್ಬಂದಿಯನ್ನೂ ಒಟ್ಟಿಗೆ ಕೂರಿಸಿ ಇಂಥ ಸನ್ನಿವೇಶಗಳನ್ನು ಅಭ್ಯಾಸ ಮಾಡಿಸುವುದಕ್ಕೆ ಒತ್ತು ಬಂತು.

ನಾಲ್ಕು ಅಂಶಗಳಲ್ಲಿ ಮೂರನೆಯದು, ಸಮಯ, ಉಳಿದೆಲ್ಲವನ್ನೂ ನಿರ್ಧರಿಸುತ್ತದೆ. ಇಪ್ಪತ್ತು ನಿಮಿಷವಿದ್ದರೆ ಒಂದು ಬಗೆಯ ಸಿದ್ಧತೆ, ಐದು ನಿಮಿಷವಿದ್ದರೆ ಇನ್ನೊಂದು ಬಗೆ. ಊಟದ ಗಾಡಿಗಳನ್ನು ಒಳಗೆ ತಳ್ಳಿ ಕೊಂಡಿ ಹಾಕಬೇಕು. ಸಡಿಲ ಬಿಟ್ಟ ಗಾಡಿ ಲ್ಯಾಂಡಿಂಗ್ ವೇಳೆ ಆಯುಧವಾಗುತ್ತದೆ. ಮೇಲಿನ ಖಾನೆಗಳನ್ನು ಮುಚ್ಚಬೇಕು, ಕಾಲ ಬಳಿಯ ಚೀಲಗಳನ್ನು ತೆಗೆಸಬೇಕು, ಹಸುಗೂಸು ಇಟ್ಟುಕೊಂಡ ತಾಯಿಗೆ ಹೇಗೆ ಹಿಡಿದುಕೊಳ್ಳಬೇಕೆಂದು ತೋರಿಸಬೇಕು. ನಡೆಯಲಾಗದವರ ಪಕ್ಕ ನೆರವಾಗಬಲ್ಲವರನ್ನು ಕೂರಿಸಬೇಕು. ತುರ್ತು ದ್ವಾರದ ಸಾಲಿನವರಿಗೆ ಬಾಗಿಲು ಯಾವಾಗ ತೆರೆಯಬೇಕು ಎಂಬುದಕ್ಕಿಂತ ಯಾವಾಗ ತೆರೆಯಬಾರದು ಎಂಬುದನ್ನು ಮೊದಲು ಹೇಳಬೇಕು. ಕ್ಯಾಪ್ಟನ್ ಬಯಸಿದರೆ ತಲೆ ತಗ್ಗಿಸಿ ಮೈ ಗಟ್ಟಿ ಹಿಡಿಯುವ ಬ್ರೇಸ್ ಭಂಗಿಯನ್ನು ಪ್ರತಿಯೊಬ್ಬರಿಂದ ಮಾಡಿಸಿ ನೋಡಬೇಕು. ಇಂದು ಕಾರ್ಡುಗಳಲ್ಲಿ ಚಿತ್ರವಾಗಿ ಕಾಣುವ ಆ ಭಂಗಿಯ ರೂಪಕ್ಕೆ ಕೆಗ್‌ವರ್ತ್‌ನಲ್ಲಿ ಬದುಕುಳಿದವರ ಗಾಯಗಳ ಅಧ್ಯಯನದ ಕೊಡುಗೆಯೂ ಇದೆ.

ಒಂದು ಎಂಜಿನ್ನಿನಲ್ಲಿ ಮೊದಲಿನಷ್ಟು ಎತ್ತರದಲ್ಲಿ ಹಾರಲಾಗದ ಕಾರಣ ವಿಮಾನ ಸಾವಿರಾರು ಅಡಿ ಕೆಳಗಿಳಿಯುವುದೂ ಉಂಟು. ಅದು ನಿಯಂತ್ರಿತ ಇಳಿತ. ಆದರೆ ಹೇಳದೇ ಇಳಿದರೆ ಪ್ರಯಾಣಿಕರು ಬೀಳುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಕಿವಿ ಗುಂಯ್ ಎನ್ನುವ ಮೊದಲೇ ಒಂದು ಸಾಲು ಹೇಳಿಬಿಟ್ಟರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ.

ಸಮಯವೇ ಸಿಗದಿದ್ದರೆ? 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಯುಎಸ್ ಏರ್‌ವೇಸ್ ವಿಮಾನದ ಎರಡೂ ಎಂಜಿನ್‌ಗಳಿಗೆ ಹೆಬ್ಬಾತುಗಳ ಹಿಂಡು ನುಗ್ಗಿತು. ಅಲ್ಲಿಂದ ಹಡ್ಸನ್ ನದಿಗೆ ಇಳಿಯುವವರೆಗೆ ಸಿಕ್ಕದ್ದು ಸುಮಾರು ಮೂರೂವರೆ ನಿಮಿಷ. ನಿಟ್ಸ್ ಇಲ್ಲ, ವಿವರಣೆ ಇಲ್ಲ. ಕ್ಯಾಬಿನ್ನಿಗೆ ಬಂದದ್ದು ಅಪ್ಪಳಿಕೆಗೆ ಸಿದ್ಧರಾಗಿ ಎಂಬ ಒಂದೇ ಘೋಷಣೆ. ನೀರಿಗೆ ಇಳಿಯುತ್ತಿದ್ದೇವೆ ಎಂಬುದೂ ಗಗನಸಖಿಯರಿಗೆ ಗೊತ್ತಿರಲಿಲ್ಲ. ತಲೆ ತಗ್ಗಿಸಿ, ಹಾಗೇ ಇರಿ ಎಂದು ಅವರು ಒಂದೇ ಲಯದಲ್ಲಿ ಕೂಗುತ್ತ ಹೋದರು. ನಿಂತ ಮೇಲೆ ಹಿಂಬದಿಯಲ್ಲಿ ನೀರು ನುಗ್ಗತೊಡಗಿತು. ಅಲ್ಲಿದ್ದ ಗಗನಸಖಿಯ ಕಾಲಿಗೆ ಆಳವಾದ ಗಾಯವಾಗಿದ್ದರೂ ಅವಳು ಪ್ರಯಾಣಿಕರನ್ನು ಮುಂದಕ್ಕೆ, ಸೀಟುಗಳ ಮೇಲೆ ಹತ್ತಿಯಾದರೂ ಸರಿ, ಕಳುಹಿಸಿದಳು. ಒಳಗಿದ್ದ 155 ಜನರೂ ಬದುಕಿದರು.

ಇನ್ನು ಈ ವಿಷಯದಲ್ಲಿ ಜನ ಅತಿ ಹೆಚ್ಚು ತಪ್ಪು ತಿಳಿದಿರುವ ಭಾಗ: ಬೆಂಕಿ ಕಂಡರೆ ಬಾಗಿಲು ತೆರೆದು ಹಾರಬೇಕು ಎಂಬುದು. ತುರ್ತು ತೆರವು ಅಪಾಯವಿಲ್ಲದ ಕೆಲಸವಲ್ಲ. ಜಾರುಬಂಡೆಯಲ್ಲಿ ಕಾಲು ಮುರಿಯುತ್ತದೆ, ಮೊಣಕೈ ಸುಲಿಯುತ್ತದೆ, ಕೆಳಗೆ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ನೆಲದ ಮೇಲೆ ಎಂಜಿನ್ ಚಾಲೂ ಮಾಡುವಾಗ ಒಮ್ಮೊಮ್ಮೆ ಒಳಗೆ ಉಳಿದ ಇಂಧನ ಹೊತ್ತಿಕೊಂಡು ಹಿಂಬದಿಯ ಕೊಳವೆಯಿಂದ ಉದ್ದನೆಯ ಜ್ವಾಲೆ ಹೊಮ್ಮುತ್ತದೆ. ಬೆಂಕಿ ಪತ್ತೆ ಮಾಡುವ ಸಾಧನಗಳಿರುವುದು ಎಂಜಿನ್ನಿನ ಹೊರಮೈ ಮತ್ತು ಕವಚದ ನಡುವೆ. ಈ ಜ್ವಾಲೆ ಅವುಗಳ ಅಳವಿಗೆ ಸಿಗದು. ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಗಂಟೆ ಬಾರಿಸುವುದಿಲ್ಲ, ಆದರೆ ಕ್ಯಾಬಿನ್ನಿಗೆ ಕಾಣುತ್ತದೆ. ಪರಿಹಾರ ಸರಳ: ಇಂಧನ ನಿಲ್ಲಿಸಿ, ಸ್ಟಾರ್ಟರ್‌ನಿಂದ ಎಂಜಿನ್ನನ್ನು ತಿರುಗಿಸುತ್ತಲೇ ಇದ್ದರೆ ಗಾಳಿಯೇ ಬೆಂಕಿಯನ್ನು ಊದಿಹಾಕುತ್ತದೆ. ಗಗನಸಖಿ ಕಂಡೊಡನೆ ಪೈಲಟ್‌ಗೆ ತಿಳಿಸಿದರೆ ಕಥೆ ಅಲ್ಲಿಗೇ ಮುಗಿಯಿತು. ಬದಲಿಗೆ ಬಾಗಿಲು ತೆರೆದರೆ, ಉರಿಗಿಂತ ಹೆಚ್ಚು ಗಾಯ ಇಳಿಯುವುದರಿಂದಲೇ ಆಗುತ್ತದೆ.

2010ರ ನವೆಂಬರ್ 4ರಂದು ಸಿಂಗಪುರದಿಂದ ಹೊರಟ ಕ್ವಾಂಟಸ್ ಏರ್‌ಬಸ್ ಎ380 ಇನ್ನೂ ಕಠಿಣ ಪರೀಕ್ಷೆ. ಎರಡನೇ ಎಂಜಿನ್ ಒಡೆದು ಅದರ ಚೂರುಗಳು ರೆಕ್ಕೆಯನ್ನು ಸೀಳಿದವು. ರೆಕ್ಕೆಯಿಂದ ದ್ರವ ಸೋರುತ್ತಿರುವುದು ಬಾಲದ ಮೇಲಿನ ಕ್ಯಾಮೆರಾದ ಮೂಲಕ ಪ್ರಯಾಣಿಕರ ಮುಂದಿನ ಪರದೆಗಳಲ್ಲೇ ಕಾಣುತ್ತಿತ್ತು. ಪ್ರಯಾಣಿಕನಾಗಿ ಬಂದಿದ್ದ ಪೈಲಟ್ ಒಬ್ಬರು ಅದನ್ನು ತೋರಿಸಿಕೊಟ್ಟರು. ವಿಮಾನ ಚಾಂಗಿ ನಿಲ್ದಾಣಕ್ಕೆ ಮರಳಿ ನಿಂತಾಗ ಕಾದು ಕೆಂಡವಾಗಿದ್ದ ಬ್ರೇಕುಗಳ ಬಳಿ ಇಂಧನ ಸೋರುತ್ತಿತ್ತು, ಒಂದನೇ ಎಂಜಿನ್ ಆಫ್ ಮಾಡಿದರೂ ನಿಲ್ಲಲಿಲ್ಲ. ಒಳಗೆ 469 ಜನ. ಓಡಿ ಹೋಗಬೇಕೆನಿಸುವ ಎಲ್ಲ ಕಾರಣಗಳೂ ಇದ್ದವು. ಅಗ್ನಿಶಾಮಕ ದಳ ಸುತ್ತುವರಿದಿರುವಾಗ, ಜಾರುಬಂಡೆಯಲ್ಲಿ ಇಳಿದವರು ಇಂಧನದ ಮಡುವಿನತ್ತ, ಓಡುತ್ತಿರುವ ಎಂಜಿನ್ನಿನತ್ತ ಹೋಗುವ ಅಪಾಯವೇ ಹೆಚ್ಚೆಂದು ಕ್ಯಾಪ್ಟನ್ ತೀರ್ಮಾನಿಸಿದರು. ಬಲಗಡೆಯ ಒಂದೇ ಬಾಗಿಲಿಗೆ ಮೆಟ್ಟಿಲು ತರಿಸಿ, ಎಣಿಸಿ ಎಣಿಸಿ ಇಳಿಸಿದರು. ಉಳಿದ ಬಾಗಿಲುಗಳಲ್ಲಿ ಸಿಬ್ಬಂದಿ, ಜಾರುಬಂಡೆ ಬಿಡಲು ಸಿದ್ಧರಾಗಿ, ಕೊನೆಯ ಪ್ರಯಾಣಿಕ ಇಳಿಯುವವರೆಗೂ ತಮ್ಮ ಜಾಗ ಬಿಡಲಿಲ್ಲ. ಹಠ ಹಿಡಿದ ಎಂಜಿನ್ನನ್ನು ನೊರೆ ಸುರಿದು ನಿಲ್ಲಿಸಲು ಇಳಿದ ಮೇಲೂ ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಯಾರಿಗೂ ಗಾಯವಾಗಲಿಲ್ಲ.

ಹಾಗೆಂದು ಕಾಯುವುದೇ ಯಾವಾಗಲೂ ಸರಿ ಎಂದಲ್ಲ. 1985ರ ಆಗಸ್ಟ್ 22ರಂದು ಮ್ಯಾಂಚೆಸ್ಟರ್‌ನಲ್ಲಿ ಟೇಕ್ ಆಫ್ ಓಟದಲ್ಲಿದ್ದ ಬ್ರಿಟಿಷ್ ಏರ್‌ಟೂರ್ಸ್ ಬೋಯಿಂಗ್ 737ರ ಎಡ ಎಂಜಿನ್ನಿನ ಚೂರು ಇಂಧನ ಟ್ಯಾಂಕನ್ನು ತೂತು ಮಾಡಿತು. ಟೈರ್ ಒಡೆಯಿತು ಎಂದುಕೊಂಡ ಪೈಲಟ್‌ಗಳು ವಿಮಾನವನ್ನು ರನ್‌ವೇಯಿಂದ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿದರು. ಗಾಳಿ ಬೆಂಕಿಯನ್ನು ನೇರವಾಗಿ ವಿಮಾನದ ಮೈಗೆ ತಳ್ಳಿತು. ಮುಂದಿನ ಬಲ ಬಾಗಿಲು ಮೊದಲ ಯತ್ನಕ್ಕೆ ಸಿಕ್ಕಿಹಾಕಿಕೊಂಡಿತು. ಮುಂದಿನ ಕಿರಿದಾದ ಸಂದಿಯಲ್ಲಿ ಜನ ಒತ್ತರಿಸಿಕೊಂಡು ಯಾರೂ ಅಲುಗಾಡದಂತಾಗಿದ್ದಾಗ ಗಗನಸಖಿಯೊಬ್ಬಳು ಮುಂದಿದ್ದವರನ್ನು ಕೈಹಿಡಿದು ಎಳೆದು ದಾರಿ ಬಿಡಿಸಿದಳು. 137 ಜನರಲ್ಲಿ 55 ಮಂದಿ ಸತ್ತರು, ಹೆಚ್ಚಿನವರು ಹೊಗೆಯಿಂದ. ಹಿಂಬದಿಯಲ್ಲಿದ್ದ ಇಬ್ಬರು ಕ್ಯಾಬಿನ್ ಸಿಬ್ಬಂದಿಯೂ ಅವರಲ್ಲಿದ್ದರು.

ಇದರ ನಂತರ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್ ವಿದ್ಯಾಸಂಸ್ಥೆಯ ಸಂಶೋಧಕರು ಸ್ವಯಂಸೇವಕರನ್ನು ವಿಮಾನದಲ್ಲಿ ತುಂಬಿ, ಮೊದಲು ಹೊರಬಂದ ಅರ್ಧದಷ್ಟು ಜನರಿಗೆ ಹೆಚ್ಚುವರಿ ಹಣ ಕೊಡುತ್ತೇವೆಂದು ಆಸೆ ಹುಟ್ಟಿಸಿ, ನೂಕುನುಗ್ಗಲನ್ನು ಅಧ್ಯಯನ ಮಾಡಿದರು. ಬಾಗಿಲಲ್ಲಿ ನಿಂತ ಸಿಬ್ಬಂದಿ ಗಟ್ಟಿ ದನಿಯಲ್ಲಿ ಆದೇಶಿಸಿ ಮೈಮುಟ್ಟಿ ತಳ್ಳಿದಾಗ ತೆರವು ಬೇಗ ಆಯಿತು. ಮೆದುವಾಗಿ ನಡೆದುಕೊಂಡಾಗ ತಡವಾಯಿತು. ಊಟ ಬಡಿಸುವಾಗ ‘ದಯವಿಟ್ಟು’ ಎನ್ನುವ ಗಗನಸಖಿ ಆ ಹೊತ್ತಿನಲ್ಲಿ ‘ಬ್ಯಾಗ್ ಬಿಡಿ! ಹಾರಿ!’ ಎಂದು ಗದರುವುದು ಇದಕ್ಕೇ.

ಆದರೆ ಗದರುವ ಮೊದಲು ಕಿಟಕಿಯಿಂದ ಹೊರಗೆ ನೋಡಬೇಕು. 2016ರ ಅಕ್ಟೋಬರ್ 28ರಂದು ಷಿಕಾಗೊದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 767ರ ಬಲ ಎಂಜಿನ್ ಟೇಕ್ ಆಫ್ ಓಟದಲ್ಲಿ ಒಡೆದು ರೆಕ್ಕೆಯಡಿ ಬೆಂಕಿ ಹೊತ್ತಿತು. ವಿಮಾನ ನಿಂತಿತು. ಪೈಲಟ್‌ಗಳು ಕ್ರಮಪಟ್ಟಿ ಓದುತ್ತಿದ್ದಾಗಲೇ ಕ್ಯಾಬಿನ್ನಿನಲ್ಲಿ ತೆರವು ಆರಂಭವಾಯಿತು. ಎಡ ಎಂಜಿನ್ ಇನ್ನೂ ಓಡುತ್ತಿತ್ತು. ಎಡಗಡೆ ಇಳಿದ ಒಬ್ಬ ಪ್ರಯಾಣಿಕ ಅದರ ಗಾಳಿಯ ಹೊಡೆತಕ್ಕೆ ಉರುಳಿ ತೀವ್ರವಾಗಿ ಗಾಯಗೊಂಡ. ಕಾಕ್‌ಪಿಟ್ ಜೊತೆ ಮಾತನಾಡಲು ಗಗನಸಖಿ ಯತ್ನಿಸದೇ ಇರಲಿಲ್ಲ. ಆ ವಿಮಾನದಲ್ಲಿ ಅಳವಡಿಸಿದ್ದ ಇಂಟರ್‌ಫೋನ್ ಅವಳಿಗೆ ರೂಢಿಯಿದ್ದ ಮಾದರಿಯದಾಗಿರಲಿಲ್ಲ. ಅವಸರದಲ್ಲಿ ಅದನ್ನು ಬಳಸಲಾಗಲಿಲ್ಲ. ಗುಂಡಿಯ ಜಾಗ ಬದಲಾದದ್ದು ಇಷ್ಟು ದೂರ ಹೋಗುತ್ತದೆ.

2024ರ ಜನವರಿ 2ರಂದು ಟೋಕಿಯೊದ ಹನೆಡಾದಲ್ಲಿ ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ಎ350 ಇನ್ನೊಂದು ವಿಮಾನಕ್ಕೆ ಡಿಕ್ಕಿ ಹೊಡೆದಾಗ ಧ್ವನಿವರ್ಧಕವೂ ಇಂಟರ್‌ಫೋನೂ ಕೆಟ್ಟುಹೋದವು. ಸಿಬ್ಬಂದಿ ಮೆಗಾಫೋನ್ ಹಿಡಿದು ಕೂಗಿದರು. ಎಂಟು ದ್ವಾರಗಳಲ್ಲಿ ಹೊರಗಿನ ಬೆಂಕಿ ನೋಡಿ ಮೂರನ್ನು ಮಾತ್ರ ತೆರೆದರು. ಹಿಂಬದಿಯ ದ್ವಾರವನ್ನು ತೆರೆಯುವ ನಿರ್ಧಾರವನ್ನು ಕಾಕ್‌ಪಿಟ್‌ನ ಆದೇಶ ತಲುಪದ ಕಾರಣ ಅಲ್ಲಿದ್ದವರೇ ತೆಗೆದುಕೊಂಡರು. ಎಲ್ಲ 379 ಜನ ಹೊರಬಂದರು. ಮೂಲ ಕಾರಣ ಎಂಜಿನ್ ಅಲ್ಲದಿದ್ದರೂ, ಷಿಕಾಗೊ ಮತ್ತು ಹನೆಡಾಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಎರಡೂ ಕಡೆ ಕಾಕ್‌ಪಿಟ್‌ನೊಂದಿಗೆ ಇಂಟರ್‌ಫೋನ್‌ನಲ್ಲಿ ಮಾತನಾಡಲಾಗಲಿಲ್ಲ. ಎರಡೂ ಕಡೆ ಸಿಬ್ಬಂದಿಗೆ ತಾವೇ ತೆರವು ಆರಂಭಿಸುವ ಅಧಿಕಾರವಿತ್ತು. ಒಂದೊಂದು ಬಾಗಿಲಿನ ಆಚೆ ಏನಿದೆ ಎಂದು ನೋಡಿದ್ದರಲ್ಲಿ ವ್ಯತ್ಯಾಸ.

ನಿಯಮ ಮತ್ತು ಅಂತಃಕರಣ ಪರಸ್ಪರ ಎದುರಾಗುವ ಗಳಿಗೆಯೂ ಇದೆ. 2018ರ ಏಪ್ರಿಲ್ 17ರಂದು ನ್ಯೂಯಾರ್ಕಿನಿಂದ ಡಲ್ಲಾಸ್‌ಗೆ ಹೊರಟಿದ್ದ ಸೌತ್‌ವೆಸ್ಟ್ ವಿಮಾನದ ಎಡ ಎಂಜಿನ್ನಿನ ಫ್ಯಾನ್ ಅಲಗು ಮುರಿದು, ಕವಚದ ತುಂಡು ಬಡಿದು 14ನೇ ಸಾಲಿನ ಕಿಟಕಿ ಒಡೆಯಿತು. ಕ್ಯಾಬಿನ್ನಿನ ಗಾಳಿ ಹೊರಗೆ ನುಗ್ಗಿ ಒಬ್ಬ ಪ್ರಯಾಣಿಕಳನ್ನು ಭಾಗಶಃ ಹೊರಗೆಳೆಯಿತು. ಆಮ್ಲಜನಕದ ಮುಖವಾಡಗಳು ಜೋತುಬಿದ್ದವು. ಗಗನಸಖಿಯರು ಕೈಯಲ್ಲಿ ಹಿಡಿಯುವ ಆಮ್ಲಜನಕದ ಸಿಲಿಂಡರ್ ಹೊತ್ತು ಸಾಲು ಸಾಲಾಗಿ ಹೋಗಿ ಮುಖವಾಡಗಳನ್ನು ಸರಿಪಡಿಸಿದರು. ಪ್ರಯಾಣಿಕರ ನೆರವಿನಿಂದ ಆಕೆಯನ್ನು ಒಳಗೆಳೆದು ಉಳಿಸಲು ಹೆಣಗಾಡಿದರು. ಆಕೆ ಉಳಿಯಲಿಲ್ಲ. ವಿಮಾನ ಫಿಲಡೆಲ್ಫಿಯಾದಲ್ಲಿ ಇಳಿದಾಗ ಗಗನಸಖಿಯರು ತಮ್ಮ ಆಸನಗಳಲ್ಲಿ ಬೆಲ್ಟ್ ಕಟ್ಟಿಕೊಂಡು ಕುಳಿತಿರಲಿಲ್ಲ.

ಅಮೆರಿಕದ ತನಿಖಾ ಮಂಡಳಿ ಇದನ್ನು ಗುರುತಿಸಿತು: ಇಳಿದ ಮೇಲೆ ತೆರವು ಬೇಕಾಗಿದ್ದರೆ ಬಾಗಿಲು ತೆರೆಯಬೇಕಾದವರು ಅವರೇ, ಅವರೇ ಪೆಟ್ಟು ತಿಂದಿದ್ದರೆ ಉಳಿದವರ ಗತಿ? ವಾದದಲ್ಲಿ ತಪ್ಪು ಹುಡುಕಲಾಗದು. ಆದರೂ ಸಾಯುತ್ತಿರುವವಳನ್ನು ಬಿಟ್ಟು ಎದ್ದುಹೋಗಿ ಬೆಲ್ಟ್ ಕಟ್ಟಿಕೊಳ್ಳಬೇಕಿತ್ತು ಎಂದು ಅವರ ಮುಖಕ್ಕೆ ಹೇಳುವ ಧೈರ್ಯ ನನಗಂತೂ ಇಲ್ಲ. ಒಡೆದ ಕಿಟಕಿಯ ಸಾಲನ್ನು ಖಾಲಿ ಮಾಡಿದ್ದರಿಂದ ಕೆಲವು ಪ್ರಯಾಣಿಕರಿಗೂ ಕೂರಲು ಜಾಗವಿರಲಿಲ್ಲ. ಹಾರಾಟದ ನಡುವೆ ಆಸನ ಕಳೆದುಕೊಂಡವರನ್ನು ಹೇಗೆ ಸುರಕ್ಷಿತವಾಗಿರಿಸಬೇಕು ಎಂಬುದಕ್ಕೆ ಮಾರ್ಗದರ್ಶನ ರೂಪಿಸುವಂತೆ ಮಂಡಳಿ ತನ್ನ ವರದಿಯಲ್ಲಿ ಶಿಫಾರಸು ಮಾಡಿತು.